ಬೀಳುವವನ ಹೆಸರು

ಚಿತ್ರದ ಹಾಳೆಯಲ್ಲಿ ಮಹಾಶೂರ ಗೋವರ್ಧನ ಕಲ್ಯಾಣದ ಕೋಟೆಯಿಂದ ಕೆಳಗೆ ಬೀಳುತ್ತಿದ್ದ. ಹೆಂಡತಿ ಅವನ ಹೆಸರು ಹಿಡಿದು ಕೂಗಿದರೆ ಮಾತ್ರ ರೆಕ್ಕೆಗಳು ಬಿಚ್ಚುತ್ತವೆ. ಶೂರನಿಗೆ ತನ್ನದೇ ಹೆಸರಿಟ್ಟು ಚಿತ್ರ ಬರೆದವನು ಪೂನಂಳ ಗಂಡ. ಮಾತು ಬರೆಯುವವಳು ಅವಳು. ನಾಲ್ಕು ಸಂಚಿಕೆಯ ಕಾಮಿಕ್ಸಿನಲ್ಲಿ ಇದೇ ಕಡೆಯದು, ಮಧ್ಯಾಹ್ನದ ಬಸ್ಸಿಗೆ ಹುಮನಾಬಾದಿನ ಪ್ರೆಸ್ಸಿಗೆ ಹೋಗಬೇಕು. ಮದುವೆಯಾಗಿ ಆರು ವರ್ಷ, ಗಂಡನ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ಮಾತಿನ ಗುಳ್ಳೆಯಲ್ಲಿ ‘ರೀ’ ಎಂದು ಬರೆದಳು.

“ಕಲ್ಯಾಣದಾಗ ಗಂಡಂದಿರೆಲ್ಲಾ ‘ರೀ’ನೇ. ಯಾರ ರೆಕ್ಕಿ ಬಿಚ್ಚಬೇಕು?” ಗಂಡ ನಕ್ಕ. “ಆಗಂಗಿಲ್ಲಂದ್ರ ಬಿಡು, ಸಾಯ್ಲಿ.”

ಪೂನಂ ಬೀಳುತ್ತಿದ್ದವನನ್ನು ನೋಡಿದಳು. ಮೂಗು ಥೇಟ್ ಗಂಡನದೇ. ‘ರೀ’ ಅಳಿಸಿ ಬರೆದಳು; ಬರೆದದ್ದನ್ನು ಎಂದಿನಂತೆ ಜೋರಾಗಿ ಓದಿದಳು: “ಗೋವರ್ಧನಾ!”

ಒಳಗೆ ಅತ್ತೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಯಾರವ್ವಾ, ನನ್ನ ಮಗನ್ನ ಕರದವ್ರು?”

“ನಾನ್ರಿ ಅತ್ತಿ. ಬೀಳಾಕತ್ತಿದ್ರು, ಕರದೆ.”