ರಮ್ಲತ್ ಕಿವಿಯಿಟ್ಟ ಎಂಜಿನ್

"ನಿಲ್ಲಿ ಮಾರಾಯ್ರೆ! ಜೀವ ಇರುವಾಗಲೇ ಎಂತ ಎತ್ತುದು?"

ರಮ್ಲತ್ ಕೂಗಿದ್ದೇ, ಭಾರ ಎತ್ತುವ ಚೈನ್ ಪುಲ್ಲಿಯ ಕೊಕ್ಕೆಯನ್ನು ಕಾರಿನ ಎಂಜಿನ್ನಿಗೆ ಸಿಕ್ಕಿಸಲಿದ್ದ ಜಯಪ್ರಕಾಶನ ಕೈ ಅಲ್ಲೇ ನಿಂತಿತು. ಎರಡೇ ಬಾಗಿಲಿನ ಆ ಹಳೆಯ ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗು, ಬ್ರೇಕು, ಸೀಟು ಎಲ್ಲವನ್ನೂ ಅವನು ಆರು ವರ್ಷ ಕೂತು ತಾನೇ ಬದಲಿಸಿದ್ದ. ಎಂಜಿನ್ ಮಾತ್ರ ಅದರದ್ದೇ ಇರಲಿ ಎಂಬ ಆಸೆ. ಆದರೆ ಸುಬ್ರಹ್ಮಣ್ಯದ ದಾರಿಯ ಏರು ಬಂದರೆ ಅದು ಮುಗ್ಗರಿಸುತ್ತಿತ್ತು. ಮೂರು ಗ್ಯಾರೇಜಿನವರು ಕೈಚೆಲ್ಲಿದ ಮೇಲೆ ಬೇರೆ ಎಂಜಿನ್ ಕೂರಿಸುವುದೆಂದು ಮನಸ್ಸು ಕಲ್ಲು ಮಾಡಿಕೊಂಡು, ಪುಲ್ಲಿ ಇದ್ದ ಕಾರಣಕ್ಕೆ ಕುಂಬ್ರದಲ್ಲಿ ರಮ್ಲತ್ ನಡೆಸುವ, ಅಡಿಕೆಗೆ ಮದ್ದು ಬಿಡುವ ಸ್ಪ್ರೇ ಪಂಪಿನ ರಿಪೇರಿ ಅಂಗಡಿಗೆ ಬಂದಿದ್ದ.

"ಒಮ್ಮೆ ಸ್ಟಾರ್ಟ್ ಮಾಡಿ," ಎನ್ನುತ್ತಾ ರಮ್ಲತ್ ಒಂದು ಮೊಳ ಸ್ಪ್ರೇ ಪೈಪು ಕತ್ತರಿಸಿ, ಒಂದು ತುದಿಯನ್ನು ತಲೆವಸ್ತ್ರದೊಳಗೆ ತೂರಿಸಿ ಕಿವಿಗೆ ಒತ್ತಿಕೊಂಡಳು. ಇನ್ನೊಂದು ತುದಿಯನ್ನು ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಎರಡು ಕಾರ್ಬುರೇಟರುಗಳಲ್ಲಿ ಮೊದಲು ಒಂದರ ಬಾಯಿಗೆ ಹಿಡಿದಳು, ಮತ್ತೆ ಎರಡನೆಯದಕ್ಕೆ. ಕಣ್ಣು ಮುಚ್ಚಿತ್ತು.

"ಇವ ಎಳೆದಷ್ಟು ಗಾಳಿ ಅವ ಎಳೆಯುದಿಲ್ಲ. ಉದಾಸೀನದವ! ಮೂರು ಗ್ಯಾರೇಜಿನಲ್ಲಿ ಯಾರಿಗೂ ಕಿವಿ ಇಲ್ಲವಾ?"

ಬೈಯುತ್ತಲೇ ಎರಡನೆಯದರ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಕೇಳಿದಳು. ಇನ್ನೊಂದು ಎಳೆ ತಿರುಗಿಸಿದಳು. ಕುಲುಕುತ್ತಿದ್ದ ಎಂಜಿನ್ ಸಮಾಧಾನವಾಯಿತು. ಎಕ್ಸಲರೇಟರ್ ಒತ್ತಿದರೆ ಎಲ್ಲೂ ತಡವರಿಸದೆ ಸ್ವರ ಏರಿತು.

"ಎಂತ ಜಯಣ್ಣ, ಇನ್ನೂ ಎತ್ತುದಾ?"

ಜಯಪ್ರಕಾಶ ಅವಳ ಕೈಯಿಂದ ಪೈಪು ತೆಗೆದುಕೊಂಡು ತನ್ನ ಕಿವಿಗೆ ಇಟ್ಟ. ಈ ಬಾಯಿಗೆ ಹಿಡಿದ, ಆ ಬಾಯಿಗೆ ಹಿಡಿದ, ಮತ್ತೆ ಈ ಬಾಯಿಗೆ.

"ಸ್ವಲ್ಪ ಸುಮ್ಮನಿರಿ ಅಕ್ಕಾ," ಎಂದ. "ಆರು ವರ್ಷದಲ್ಲಿ ನಾನು ಇದರ ಉಸಿರು ಇವತ್ತೇ ಕೇಳುದು."