ಮುಚ್ಚುವ ಆದೇಶಕ್ಕೊಂದು ಮೊಹರು

ಕೇಳುವ ಮೊದಲೇ ಕಾಗದ ಕೈಗೆ ಬಂದುಬಿಡುವ ಕಾಲವಿದು. ಕಾಯುವುದೆಂದರೇನೆಂದು ತಿಳಿಯಬಯಸುವವರು ಗದಗಿನ ಬಯಲು ಮ್ಯೂಸಿಯಮ್ಮಿಗೆ ಬರುತ್ತಾರೆ. ಅಲ್ಲಿನ ಹಳೇಕಾಲದ ತಾಲ್ಲೂಕು ಕಚೇರಿಯಲ್ಲಿ ಕಸ್ತೂರೆವ್ವ ಗುಮಾಸ್ತೆಯ ಪಾತ್ರ ಮಾಡುತ್ತಾಳೆ. ಯಾರ ಕೆಲಸವನ್ನೂ ಒಂದೇ ದಿನಕ್ಕೆ ಮುಗಿಸಿಕೊಡಬಾರದು ಎಂಬುದು ಅವಳಿಗಿರುವ ನಿಯಮ.

ಯುಗಾದಿಯ ಮರುದಿನ ತಪಾಸಣೆ ಅಧಿಕಾರಿ ಬಸಲಿಂಗಪ್ಪ ಮ್ಯೂಸಿಯಂ ಮುಚ್ಚುವ ಆದೇಶ ಹಿಡಿದು ಬಂದ. ಆ ಆವರಣದೊಳಗೆ ಅವಳ ಮೊಹರಿಲ್ಲದೆ ಯಾವ ಕಾಗದವೂ ನಡೆಯದು. ಕಸ್ತೂರೆವ್ವ ಕನ್ನಡಕದ ಮೇಲಿಂದ ನೋಡಿದಳು.

"ಮೂರು ಪ್ರತಿ ಬೇಕ್ರಿ. ಸಾಹೇಬ್ರು ರಜಾ ಹಾಕ್ಯಾರ. ನಾಳೆ ಬರ್ರಿ."

ಮೂರು ಪ್ರತಿ ತಂದಾಗ ಊಟದ ಹೊತ್ತಾಗಿತ್ತು. ಮಳೆಗಾಲವಿಡೀ ಫೈಲು ಸಿಗಲಿಲ್ಲ. ದಸರೆಗೆ ಮೊಹರಿನ ಮಸಿ ಒಣಗಿತ್ತು. ಸಂಕ್ರಾಂತಿಯ ಹೊತ್ತಿಗೆ ಬಸಲಿಂಗಪ್ಪ ಬುತ್ತಿ ಕಟ್ಟಿಕೊಂಡೇ ಬರತೊಡಗಿದ್ದ. ಬೆಂಚಿನ ಯಾವ ತುದಿಗೆ ಫ್ಯಾನಿನ ಗಾಳಿ ಬರುತ್ತದೆಂದು ಹೊಸಬರಿಗೆ ಹೇಳಿಕೊಡುತ್ತಿದ್ದ.

ಮತ್ತೆ ಯುಗಾದಿ ಬಂತು. ಕಸ್ತೂರೆವ್ವನ ನೆಪಗಳೆಲ್ಲ ತೀರಿದ್ದವು. ಪ್ರತಿಗಳು ಸರಿಯಿದ್ದವು, ಸಾಹೇಬರು ಹಾಜರಿದ್ದರು, ಮಸಿಯೂ ಹಸಿಯಾಗಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಮೊಹರು ಎತ್ತಿದಳು.

ಬಸಲಿಂಗಪ್ಪ ಕಾಗದವನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ.

"ಇಷ್ಟ್ ಅವಸರ ಯಾಕ್ರಿ ಬಾಯಾರ? ಊಟದ ಹೊತ್ತಾತು. ನಾಳೆ ಬರ್ತೀನಿ."