ಗೇಣುದ್ದ ಎಳೆ

ಅಂಬಮ್ಮನ ಬೆರಳುಗಳು ಮಗ್ಗದ ಹಣಿಗೆಯಲ್ಲಿ ಎಳೆ ಹುಡುಕಿದವು. ಒಂದೂ ಸಿಗಲಿಲ್ಲ. ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದವರು ಒಯ್ದಿದ್ದ ಅವಳದೇ ಮಗ್ಗ. ಇವತ್ತಿನ ಪ್ರದರ್ಶನಕ್ಕೆಂದು ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದ್ದರು. ಕೂಟಕ್ಕೆಂದು ಬಂದು ಸುತ್ತ ನಿಂತ ವಿಭಾಗದ ಹಳೆಯ ವಿದ್ಯಾರ್ಥಿಗಳ ಕೈಯಲ್ಲೆಲ್ಲ ಮೊಬೈಲು.

“ಎಳಿ ಏನಾದವು, ತಂಗಿ?”

“ಹೊಲಸಾಗಿದ್ವು ಅಕ್ಕಾ. ನಾನೇ ಕತ್ತರಿಸಿ ತಗದೀನಿ,” ಎಂದಳು ವಿಭಾಗದ ಸಂಶೋಧಕಿ ಶಿರಿಷಾ. ನಾರಾಯಣಪೇಟೆಯ ಅಂಬಮ್ಮನ ಮನೆಯಲ್ಲೇ ಆರು ತಿಂಗಳು ಉಳಿದು, ನೇಯ್ಗೆಯ ಬಗ್ಗೆ ಪುಸ್ತಕದ ತುಂಬ ಬರೆದುಕೊಂಡು ಹೋದವಳು.

ಸೀರೆ ಮುಗಿದರೂ ನೇಕಾರರು ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳನ್ನು, ಪೂರ್ತಿ ಕತ್ತರಿಸುವುದಿಲ್ಲ. ಹಣಿಗೆಯಲ್ಲಿ ಗೇಣುದ್ದ ಬಿಟ್ಟು, ಮುಂದಿನ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆಯುತ್ತಾರೆ. ಮಾವ ಬಿಟ್ಟ ಎಳೆಗೆ ಗಂಡ, ಗಂಡ ಬಿಟ್ಟ ಎಳೆಗೆ ಅಂಬಮ್ಮ ಹೊಸೆದಿದ್ದಳು. ಇವತ್ತು ಹೊಸೆಯಲೆಂದು ತಂದ ಹೊಸ ಹಾಸಿನ ಗಂಟು ಚೀಲದಲ್ಲೇ ಇತ್ತು.

“ನೇಯ್ದು ತೋರ್ಸ್ರೀ, ಅಮ್ಮಾ!” ಯಾರೋ ಕೂಗಿದರು.

ಹೊಸೆಯಲು ಹಳೆಯ ಎಳೆಯಿಲ್ಲದೆ ನೇಯಲಾಗದೆಂದು ಬಿಡಿಸಿ ಹೇಳಲು ಬಾಯಿ ತೆರೆದಳು. ನಸುಕಿನ ಬಸ್ಸಿನಲ್ಲಿ ನಿಂತೇ ಬಂದ ಮೈಯಲ್ಲಿ ಅಷ್ಟು ತ್ರಾಣ ಉಳಿದಿರಲಿಲ್ಲ. ಗಂಟನ್ನು ಚೀಲದ ತಳಕ್ಕೆ ತಳ್ಳಿ, ಕೂತು, ಲಾಳಿಯ ಹಗ್ಗ ಎಳೆದಳು. ಎಳೆಯೇ ಇಲ್ಲದ ಮಗ್ಗದಲ್ಲಿ ಲಾಳಿ ಟಕಟಕನೆ ಅತ್ತಿಂದಿತ್ತ ಓಡಿತು. ಜನ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಶಿರಿಷಾ.